ತೋಟದಿಂದ 14416ಕ್ಕೆ ಕರೆ: ಟೆಲಿ ಮಾನಸ್ ಸೇವೆ ಹೇಗಿದೆ?

ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು ಆರಂಭಿಸಿದ, 14416 ಸಂಖ್ಯೆಯ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯದ ದೂರವಾಣಿ ಸೇವೆಯನ್ನು ಕಾಫಿ ಕೊಯ್ಲಿನ ದಿನಗಳಲ್ಲಿ ಬಳಸಿದ ಮೇಲೆ, ಕೊಡಗಿನ ಬೆಳೆಗಾರರಿಗೆ ಇದರ ಪರಿಚಯ ಅಗತ್ಯವೆಂದು ನನಗೆ ದೃಢವಾಗಿ ಅನ್ನಿಸಿದೆ. ಕಣದಲ್ಲಿ ಹಣ್ಣು ಹರವಿರುವಾಗ ಮೋಡ ಕವಿಯುವುದು, ಆಳು ಸಿಗದಿರುವುದು, ರಾತ್ರಿ ತೋಟಕ್ಕೆ ಆನೆ ಬರುವುದು ವಿರಾಜಪೇಟೆ ಕಡೆಯವರಿಗೆ ಹೊಸದೇನಲ್ಲ. ಆದರೆ ಇವುಗಳ ಚಿಂತೆಯಲ್ಲೇ ವಾರಗಟ್ಟಲೆ ನಿದ್ದೆ ಕೆಟ್ಟು, ಕತ್ತು ಬಿಗಿದು, ಹೊಟ್ಟೆ ಉರಿದರೂ ಅದನ್ನು ದುಡಿಮೆಯ ದಣಿವೆಂದು ತಳ್ಳಿಹಾಕುವುದು ನಮ್ಮಲ್ಲಿ ರೂಢಿಯಾಗಿದೆ.

ಕರೆ ಸ್ವೀಕರಿಸಿದ ಆಪ್ತಸಮಾಲೋಚಕರು ಕನ್ನಡದಲ್ಲೇ, ಮನಸ್ಸಿಗಿಂತ ಮೊದಲು ನಿದ್ದೆ, ಊಟ, ರಕ್ತದೊತ್ತಡಗಳ ಬಗ್ಗೆ ವಿಚಾರಿಸಿದ್ದು ನನಗೆ ಬಹಳ ಹಿಡಿಸಿತು. ಆನೆ ಎದುರಾದಾಗ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಸ್ರವಿಸಿ, ಹೃದಯದ ಬಡಿತವನ್ನೂ ರಕ್ತದ ಸಕ್ಕರೆಯನ್ನೂ ಏರಿಸಿ ಓಡಲು ಬಲ ಕೊಡುತ್ತವೆ. ಆನೆ ಹೋದ ಮೇಲೆ ದೇಹ ತಣಿಯುತ್ತದೆ. ಸಾಲದ ಚಿಂತೆಗೆ ಹಾಗೆ ಹೊರಟುಹೋಗುವ ಗಳಿಗೆಯಿಲ್ಲದ ಕಾರಣ ದೇಹವೂ ತಣಿಯದೆ, ಕಾಲಕ್ರಮೇಣ ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆ ಬರುವ ಸಂಭವ ಹೆಚ್ಚುತ್ತದೆ, ರೋಗನಿರೋಧಕ ಶಕ್ತಿ ಕುಗ್ಗುತ್ತದೆ.

ಅವರ ಸಲಹೆಗಳು ಸರಳವಾಗಿದ್ದವು: ಉಸಿರನ್ನು ಎಳೆದುಕೊಳ್ಳುವುದಕ್ಕಿಂತ ನಿಧಾನವಾಗಿ ಬಿಡುವುದು, ದಿನವೂ ಒಂದೇ ಹೊತ್ತಿಗೆ ಏಳುವುದು, ಮಧ್ಯಾಹ್ನದ ನಂತರ ಕಾಫಿ ಬಿಡುವುದು. ನಮ್ಮ ಜಿಲ್ಲೆಯಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಹೇಳಬೇಕಾದದ್ದು ಸಂಜೆಯ ಮದ್ಯದ ವಿಷಯ. ಮದ್ಯ ಬೇಗ ನಿದ್ದೆ ಬರಿಸುತ್ತದೆ ನಿಜ, ಆದರೆ ರಾತ್ರಿಯ ಎರಡನೆಯ ಭಾಗದಲ್ಲಿ ಆ ನಿದ್ದೆಯನ್ನೇ ಒಡೆಯುತ್ತದೆ; ಒತ್ತಡ ಕಳೆಯಲೆಂದು ಕುಡಿಯುವವರು ಮರುದಿನ ಇನ್ನಷ್ಟು ಬಳಲಿಯೇ ಏಳುತ್ತಾರೆ.

ರಕ್ತದೊತ್ತಡ ತಪಾಸಣೆಗೆ ಆಸ್ಪತ್ರೆಗೇ ಹೋಗಬೇಕೆಂದು ಅವರು ಸ್ಪಷ್ಟವಾಗಿ ತಿಳಿಸಿದರು. ಎದೆನೋವಿದ್ದವರಂತೂ ಈ ಸಂಖ್ಯೆಗೆ ಕರೆ ಮಾಡುತ್ತ ಕೂರದೆ ತಕ್ಷಣ ಆಸ್ಪತ್ರೆ ಸೇರಬೇಕು. ಮಳೆಗಾಲದಲ್ಲಿ ಕರೆಂಟು ಹೋಗಿ ನೆಟ್‌ವರ್ಕ್ ಸಿಗದಾಗ ಫೋನನ್ನೇ ನಂಬಿದ ಸೇವೆ ಕೈಗೆಟುಕದು. 2018ರ ಆಗಸ್ಟ್‌ನಲ್ಲಿ ಭೂಕುಸಿತ ಕಂಡ ಊರುಗಳಲ್ಲಿ ಜನರ ಆತಂಕ ಹೆಚ್ಚುವುದೂ ಅದೇ ಮಳೆಯಲ್ಲಾದ್ದರಿಂದ, ಈ ಕೊರತೆ ನನ್ನನ್ನು ನಿಜವಾಗಿಯೂ ಕಾಡುತ್ತದೆ.

ಸೇವೆ ಉಚಿತ, ದಿನದ 24 ಗಂಟೆಯೂ ಲಭ್ಯ. ಕನ್ನಡವಲ್ಲದೆ ಹಿಂದಿ, ಅಸ್ಸಾಮಿ, ತಮಿಳಿನಂತಹ ಭಾಷೆಗಳಲ್ಲೂ ಮಾತನಾಡಬಹುದಾದ್ದರಿಂದ ತೋಟದ ಮಾಲೀಕರು ಈ ಸಂಖ್ಯೆಯನ್ನು ಕಾರ್ಮಿಕರು ವಾಸಿಸುವ ಲೈನ್ ಮನೆಗಳಲ್ಲಿಯೂ ಬರೆಸಿಡಬೇಕೆಂದು ಕೋರುತ್ತೇನೆ.