ಸಿಂಗಪುರದ 96 ಗಂಟೆಯೋ, ಚೀನಾದ 24 ಗಂಟೆಯೋ?

ಭಾರತದ ಪಾಸ್‌ಪೋರ್ಟ್ ಹಿಡಿದು ಬೇರೊಂದು ದೇಶಕ್ಕೆ ಹೋಗುವ ದಾರಿಯಲ್ಲೊಮ್ಮೆ ವೀಸಾ ಇಲ್ಲದೆ ಇಳಿದು ಊರು ನೋಡಬೇಕೆನ್ನುವವರಿಗೆ ಈ ಎರಡು ದೇಶಗಳ ಲೆಕ್ಕ ಬೇರೆ ಬೇರೆ.

ಸಿಂಗಪುರದಲ್ಲಿ ವೀಸಾ ಇಲ್ಲದೆ 96 ಗಂಟೆ ಇರಬಹುದು. ಆದರೆ ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಜಪಾನ್, ಜರ್ಮನಿ, ಸ್ವಿಟ್ಜರ್ಲೆಂಡ್ ಇವುಗಳಲ್ಲೊಂದರ ವೀಸಾ ಕೈಯಲ್ಲಿರಬೇಕು, ಅದಕ್ಕೆ ಕನಿಷ್ಠ ಒಂದು ತಿಂಗಳ ಅವಧಿ ಉಳಿದಿರಬೇಕು. ಆಗಮನ ಕಾರ್ಡನ್ನು ಮೂರು ದಿನ ಮುಂಚಿನಿಂದ ಆನ್‌ಲೈನಿನಲ್ಲಿ ಉಚಿತವಾಗಿ ತುಂಬಬಹುದು. ಬಿಡುವುದು, ಬಿಡದಿರುವುದು ಅಲ್ಲಿನ ಅಧಿಕಾರಿಯ ವಿವೇಚನೆ.

ಚೀನಾ ಅಂಥ ವೀಸಾ ಕೇಳುವುದಿಲ್ಲ, ಗಂಟೆ ಮಾತ್ರ ಬಿಗಿ. ಅಲ್ಲಿ ವೀಸಾ ಇಲ್ಲದೆ 240 ಗಂಟೆ ಇರಬಹುದಾದ ಸೌಲಭ್ಯದ ಸುದ್ದಿ ಓದಿ ಟಿಕೆಟ್ ಮಾಡಿಬಿಡಬೇಡಿ, ಅದು ಸಿಗುವ ದೇಶಗಳ ಪಟ್ಟಿಯಲ್ಲಿ ಭಾರತವಿಲ್ಲ. ನಮಗಿರುವುದು 24 ಗಂಟೆ. ಇಳಿದ ಹೊತ್ತಿನಿಂದ ಮುಂದಿನ ವಿಮಾನ ಹೊರಡುವವರೆಗೆ. ಟಿಕೆಟ್ಟಿನಲ್ಲಿ 24 ಗಂಟೆ 20 ನಿಮಿಷ ಎಂದಿದ್ದರೆ ಬೆಂಗಳೂರಿನ ಚೆಕ್-ಇನ್‌ನಲ್ಲೇ ತಡೆಯಬಹುದು. ಊರೊಳಗೆ ಹೋಗಲು ತಾತ್ಕಾಲಿಕ ಪ್ರವೇಶ ಪರವಾನಗಿಯ ಸರದಿಯೂ ಇದೇ ಗಂಟೆಗಳನ್ನು ತಿನ್ನುತ್ತದೆ.

ಎರಡೂ ಕಡೆ ಮೂರನೇ ದೇಶಕ್ಕೆ ಖಚಿತ ಟಿಕೆಟ್ ಬೇಕೇ ಬೇಕು. ಬೆಂಗಳೂರು–ಸಿಂಗಪುರ–ಬೆಂಗಳೂರು ಎಂಬುದು ಟ್ರಾನ್ಸಿಟ್ (ದಾರಿಯ ನಡುವಿನ ತಂಗುವಿಕೆ) ಅಲ್ಲ. ಅಮೆರಿಕದ ವೀಸಾ ಇದ್ದವರಿಗೆ ಸಿಂಗಪುರವೇ ನೆಮ್ಮದಿ.