ಎರಡು ವರ್ಷ ಬಳಸಿದ ಮೇಲೆ: ಈ ಮಿಡಿ ಕೀಬೋರ್ಡ್‌ನಲ್ಲಿ ನನ್ನ ಸಿಂಥ್ ಯಾಕೆ ಮಂಕಾಗಿತ್ತು

ಈ 49 ಕೀಗಳ ಮಿಡಿ ಕೀಬೋರ್ಡ್ ತಗೊಂಡು ಎರಡು ವರ್ಷ ಆಯಿತು. ಇದಕ್ಕೆ ಸ್ವಂತ ಸದ್ದಿಲ್ಲ, ಯಾವ ಕೀ ಹೇಗೆ ಒತ್ತಿದೆ ಅನ್ನೋದನ್ನು ಬೇರೆ ವಾದ್ಯಕ್ಕೆ ತಿಳಿಸುತ್ತದೆ ಅಷ್ಟೇ. ಹಾಗೆ ತಿಳಿಸುವ ಭಾಷೆಯೇ ಮಿಡಿ. ಪ್ಯಾಡ್ ಎಷ್ಟು, ನಾಬ್ ಎಷ್ಟು ಅನ್ನೋದೆಲ್ಲ ಡಬ್ಬದ ಮೇಲೇ ಇದೆ, ಬಿಡಿ. ನಾನು ಬರೆಯೋಕೆ ಕೂತಿದ್ದು ಒಂದೇ ವಿಷಯಕ್ಕೆ. ಮೊದಲ ಎರಡು ತಿಂಗಳು ಅದು ನನ್ನ ತಲೆ ತಿಂದಿತ್ತು.

ಸದ್ದು ಬರೋದು ನನ್ನ ಸಿಂಥ್‌ನಿಂದ, ಅಂದರೆ ಎಲೆಕ್ಟ್ರಾನಿಕ್ ಆಗಿ ಸದ್ದು ಹುಟ್ಟಿಸುವ ಸಿಂಥಸೈಜರ್‌ನಿಂದ. ಅದರಲ್ಲಿರೋದು 37 ಚಿಕ್ಕ ಕೀಗಳು. ಎರಡು ಕೈ ಇಡೋಕೆ ಜಾಗ ಸಾಲದು. ದೊಡ್ಡ ಸಿಂಥ್‌ಗೆ ದುಡ್ಡಿರಲಿಲ್ಲ, ಅದಕ್ಕೇ ಇದನ್ನು ತಂದು ಮಿಡಿ ಕೇಬಲ್ ಜೋಡಿಸಿದೆ. ಮೊದಲ ಸ್ವರ ಒತ್ತಿದಾಗಲೇ ಏನೋ ಸರಿ ಇಲ್ಲ ಅನ್ನಿಸಿತು. ಅದೇ ಎಲೆಕ್ಟ್ರಿಕ್ ಪಿಯಾನೋ ಪ್ಯಾಚ್, ಅಂದರೆ ಸಿಂಥ್‌ನಲ್ಲಿ ಸಿದ್ಧವಾಗಿಟ್ಟ ಅದೇ ಸದ್ದು. ಸಿಂಥ್‌ನ ಕೀ ಒತ್ತಿದರೆ ಗಂಟೆ ಬಾರಿಸಿದಷ್ಟು ಸ್ಪಷ್ಟ. ಇದರ ಕೀ ಒತ್ತಿದರೆ ಕಂಬಳಿ ಹೊದಿಸಿದ ಹಾಗೆ.

ವಾಲ್ಯೂಮ್ ಏರಿಸಿದೆ. ಸದ್ದು ಜಾಸ್ತಿ ಆಯಿತು, ಮಂಕು ಹಾಗೇ ಉಳಿಯಿತು. ಕೇಬಲ್ ಬದಲಿಸಿದೆ, ಏನೂ ಆಗಲಿಲ್ಲ. ತಯಾರಕರಿಗೆ ಬರೆದರೆ ಮತ್ತೆ ಕೇಬಲ್ ಬದಲಿಸಿ ಅಂತ ಉತ್ತರ ಬಂತು. ತುಂಬಾ ಬೇಜಾರಾಯಿತು.

ಆಮೇಲೆ ಗೊತ್ತಾಯಿತು, ವೆಲಾಸಿಟಿ (ಕೀ ಎಷ್ಟು ವೇಗವಾಗಿ ಒತ್ತಿದೆ ಅನ್ನೋದು) ಬೇರೆ, ವಾಲ್ಯೂಮ್ ಬೇರೆ. ಕೀ ಕೆಳಗೆ ಎರಡು ಸಂಪರ್ಕ ಬಿಂದುಗಳಿರುತ್ತವೆ. ಮೊದಲನೆಯದು ಮುಟ್ಟಿ ಎರಡನೆಯದು ಮುಟ್ಟೋಕೆ ಎಷ್ಟು ಹೊತ್ತಾಯಿತು ಅಂತ ಅಳೆದು, ಅದನ್ನು 1ರಿಂದ 127ರೊಳಗಿನ ಒಂದು ಸಂಖ್ಯೆ ಮಾಡಿ ಕಳಿಸುತ್ತದೆ. ಆ ಸಂಖ್ಯೆಯನ್ನು ಏನು ಮಾಡಬೇಕು ಅನ್ನೋದು ಪ್ಯಾಚ್‌ಗೆ ಬಿಟ್ಟಿದ್ದು. ಕೆಲವು ಪ್ಯಾಚ್‌ಗಳು ಸದ್ದನ್ನಷ್ಟೇ ಏರಿಸುತ್ತವೆ. ನನ್ನದು ಫಿಲ್ಟರ್ ಕೂಡ ತೆರೆಯುತ್ತಿತ್ತು, ಅಂದರೆ ಸದ್ದಿನ ಹೊಳಪನ್ನು ತಡೆಯುವ ಭಾಗ. ಸಂಖ್ಯೆ ಕಮ್ಮಿ ಬಂದರೆ ಫಿಲ್ಟರ್ ಅರ್ಧ ಮುಚ್ಚಿಯೇ ಇರುತ್ತದೆ. ಆಗ ವಾಲ್ಯೂಮ್ ಎಷ್ಟು ತಿರುಗಿಸಿದರೂ ಹೊಳಪು ಬರೋದಿಲ್ಲ, ಅಲ್ವಾ?

ಕಂಪ್ಯೂಟರ್‌ನಲ್ಲಿ ಮಿಡಿ ಸಂಖ್ಯೆಗಳನ್ನು ತೋರಿಸುವ ಮಿಡಿ-ಆಕ್ಸ್ ಅನ್ನೋ ತಂತ್ರಾಂಶ ಹಾಕಿ, ಎರಡರಲ್ಲೂ ನಡುವಿನ ಸಿ ಸ್ವರವನ್ನು ಆದಷ್ಟು ಒಂದೇ ಬಲದಲ್ಲಿ ಒತ್ತಿದೆ. ಸಿಂಥ್‌ನಿಂದ 88, 92, 90. ಇದರಿಂದ 61, 57, 64. ಪರದೆ ಮೇಲೆ ಅದನ್ನು ನೋಡಿದಾಗ ಎದೆ ಹಗುರ ಆಯಿತು. ಯಾವುದೂ ಕೆಟ್ಟಿರಲಿಲ್ಲ. ಒಂದೇ ಒತ್ತಿಗೆ ಎರಡೂ ಒಂದೇ ಸಂಖ್ಯೆ ಕೊಡಬೇಕು ಅಂತ ಮಿಡಿ ನಿಯಮದಲ್ಲಿ ಎಲ್ಲೂ ಇಲ್ಲ. 1983ರ ಯಮಹಾ ಡಿಎಕ್ಸ್7 ಸಿಂಥ್‌ನ ಸ್ವಂತ ಕೀಗಳೂ 127 ಮುಟ್ಟುತ್ತಿರಲಿಲ್ಲ. ಅದಕ್ಕೆ ಪೂರ್ತಿ 127 ಕಳಿಸುವ ಬೇರೆ ಕೀಬೋರ್ಡ್ ಜೋಡಿಸಿದರೆ ಅದೇ ಪ್ಯಾಚ್ ಇನ್ನೂ ಚೂಪಾಗಿ ಕೇಳುತ್ತಿತ್ತು. ನನ್ನ ಸಿಂಥ್‌ನ ಟಚ್ ಸೆಟ್ಟಿಂಗ್ ಕೂಡ ಅದರ ಕೀಗಳಿಗೆ ಮಾತ್ರ. ಮಿಡಿ ಇನ್‌ನಿಂದ, ಅಂದರೆ ಹೊರಗಿನ ಕೀಬೋರ್ಡ್‌ನಿಂದ ಬಂದದ್ದನ್ನು ಅದು ಮುಟ್ಟೋದೇ ಇಲ್ಲ. ಹಾಗಾಗಿ ಸರಿ ಮಾಡಬೇಕಾದದ್ದು ಈ ಕೀಬೋರ್ಡ್‌ನಲ್ಲೇ.

ಇದರಲ್ಲಿ ನಾಲ್ಕು ವೆಲಾಸಿಟಿ ಕರ್ವ್ ಇವೆ, ಅಂದರೆ ಎಂಥ ಒತ್ತಿಗೆ ಯಾವ ಸಂಖ್ಯೆ ಅಂತ ನಿರ್ಧರಿಸುವ ಸೆಟ್ಟಿಂಗ್‌ಗಳು. ಸಾಫ್ಟ್, ಹಾರ್ಡ್ ಅನ್ನೋ ಹೆಸರು ನೋಡಿ ಆರಿಸಬೇಡಿ, ಸಂಖ್ಯೆ ನೋಡಿ ಆರಿಸಿ. ಎರಡನೇ ಕರ್ವ್ ಹಾಕಿದ ಮೇಲೆ ನನ್ನ ಮಾಮೂಲಿ ಒತ್ತು 85ರ ಆಸುಪಾಸಿಗೆ ಬಂತು. ಕಂಬಳಿ ಸರಿಯಿತು.

ಆದರೆ ಸ್ವಿಚ್ ಆಫ್ ಮಾಡಿದರೆ ಕರ್ವ್ ಮರೆತುಹೋಗುತ್ತದೆ! ಇದನ್ನು ಮಾತ್ರ ಕ್ಷಮಿಸೋಕೆ ಆಗೋದಿಲ್ಲ. ಇಷ್ಟು ಚಿಕ್ಕ ವಿಷಯ ನೆನಪಿಟ್ಟುಕೊಳ್ಳೋಕೆ ಏನು ಕಷ್ಟ? ಹಾಗಾಗಿ ಪ್ರತಿದಿನ ಬೆಳಿಗ್ಗೆ ನನ್ನ ಮೊದಲ ಕೆಲಸ ಇದು. ಆನ್ ಮಾಡಿ, ಶಿಫ್ಟ್ ಹಿಡಿದು, ಎಡದಿಂದ ಮೂರನೇ ಕಪ್ಪು ಕೀ ಒತ್ತುತ್ತೇನೆ. ಆಮೇಲೆ ಒಂದೇ ಸ್ವರ ಮೂರು ಸಲ. ಬೆರಳ ತುದಿ ತಾಗಿಸಿದಷ್ಟು ಮೆಲ್ಲಗೆ, ಮಾಮೂಲಿಯಾಗಿ, ಪೂರ್ತಿ ಬಲದಲ್ಲಿ. ಮೂರು ಬೇರೆ ಬೇರೆ ಬಣ್ಣ ಕೇಳಿಸಿದರೆ ನುಡಿಸೋಕೆ ಶುರು. ಈಗ ಇದು ಶ್ರುತಿ ಮಾಡಿಕೊಂಡ ಹಾಗೇ ಅನ್ನಿಸುತ್ತದೆ, ಬೇಜಾರಿಲ್ಲ.

ಸ್ಲೈಡರ್ ಬಗ್ಗೆಯೂ ಒಂದು ಮಾತು. ಅದು ಸಿಸಿ 7, ಅಂದರೆ ಚಾನೆಲ್ ವಾಲ್ಯೂಮ್ ಬದಲಿಸುವ ಮಿಡಿ ಸಂದೇಶ ಕಳಿಸುತ್ತದೆ. ಕೆಳಗಿದ್ದಾಗ ಸುಮ್ನೆ ಕೈ ತಾಗಿದರೂ ನುಡಿಸುತ್ತಿರುವಾಗಲೇ ಸದ್ದು ಪಾತಾಳಕ್ಕೆ ಬೀಳುತ್ತದೆ. ನಾನು ಅದನ್ನು ಫಿಲ್ಟರ್‌ಗೆ ಹಾಕಿಬಿಟ್ಟೆ.

ನಾನು ನಿರೀಕ್ಷಿಸದೇ ಸಿಕ್ಕ ಖುಷಿ ಬೇರೆಯೇ. ಕರ್ವ್ ಸರಿಯಾದ ಮೇಲೆ ಈ ಕೀಗಳು ಮೆಲುವಾಗಿ ನುಡಿಸೋಕೆ ಎಷ್ಟು ಚೆನ್ನ! ಸಿಂಥ್‌ನ ಕೀಗಳಲ್ಲಿ ವೆಲಾಸಿಟಿ 20ರಿಂದ ನೇರ 45ಕ್ಕೆ ಹಾರುತ್ತದೆ. ಇಲ್ಲಿ ನಡುವಿನ ಮೆಟ್ಟಿಲೆಲ್ಲ ಸಿಗುತ್ತವೆ. ರಾತ್ರಿ ಹೆಡ್‌ಫೋನ್ ಹಾಕಿ ಎಡಗೈಯ ಸ್ವರಗಳನ್ನು ಉಸಿರಿನಷ್ಟು ಮೆಲ್ಲಗೆ ಇಟ್ಟು, ಬಲಗೈಯಲ್ಲಿ ಒಂದೇ ಸ್ವರ ಮೇಲೆತ್ತೋದು ಈ ಕೀಬೋರ್ಡ್ ಬಂದ ಮೇಲೆ ಸಾಧ್ಯವಾಯಿತು.

ಐದಕ್ಕೆ ಮೂರೂವರೆ. ಕರ್ವ್ ನೆನಪಿಟ್ಟುಕೊಳ್ಳುವ ಹಾಗೆ ಮಾಡಿದ ದಿನ ನಾಲ್ಕೂವರೆ ಕೊಡುತ್ತೇನೆ.