ಕೇಕ್ ಮೇಲಿನ ಆನೆಗೆ ಟೂತ್‌ಪಿಕ್ ಚುಚ್ಚಬೇಡಿ

ಮನೆಯಲ್ಲಿ ಕೇಕ್ ಮಾಡುವವರೆಲ್ಲ ದಯವಿಟ್ಟು ಇದನ್ನು ಓದಿ. ತಪ್ಪು ಪೂರ್ತಿ ನನ್ನದೇ.

ಕಳೆದ ಜುಲೈನಲ್ಲಿ ಅಕ್ಕನ ಮಗನಿಗೆ 3 ವರ್ಷ ತುಂಬಿತು. ಮಂಗಳೂರಿನ ಜುಲೈ ಅಂದ್ರೆ ಗೊತ್ತಲ್ವಾ, ಡಬ್ಬಿ ತೆಗೆದಿಟ್ಟರೆ ಸಾಕು, ಬಾಳೆಕಾಯಿ ಚಿಪ್ಸ್ ಮೆತ್ತಗಾಗಿಬಿಡುತ್ತದೆ. ಅಂಥ ಮಳೆಯಲ್ಲಿ ಫಾಂಡಂಟ್‌ನಿಂದ, ಅಂದ್ರೆ ನಾದಿ ಆಕಾರ ಕೊಡುವ ಸಕ್ಕರೆ ಮುದ್ದೆಯಿಂದ, ಆನೆ ಮಾಡಲು ಕೂತೆ. ಅದೂ ಬರ್ತ್‌ಡೇಯ ಹಿಂದಿನ ದಿನ.

ಕೇಕ್ ಒಂದೂವರೆ ಕೆಜಿಯ ಪೈನಾಪಲ್, ಹೊರಗೆಲ್ಲ ವಿಪ್ಪಿಂಗ್ ಕ್ರೀಮ್. ಮೇಲೆ ಆನೆ, ಸುತ್ತ ಕೆಂಪು ನಕ್ಷತ್ರಗಳು. ಅಂಟಿಸಲು ತಿನ್ನಬಹುದಾದ ಅಂಟು ಮಾಡಿಕೊಂಡಿದ್ದೆ. 2 ಟೇಬಲ್ ಚಮಚ ಬೆಚ್ಚಗಿನ ನೀರಿಗೆ ಕಾಲು ಟೀ ಚಮಚ ಸಿಎಂಸಿ (ಅಡುಗೆಯಲ್ಲಿ ಗಟ್ಟಿಯಾಗಿಸಲು ಬಳಸುವ ಪುಡಿ) ಹಾಕಿಟ್ಟರೆ ಮರುದಿನಕ್ಕೆ ತಿಳಿಯಾದ ಲೋಳೆ ಆಗುತ್ತದೆ. ಅಂಟಿನಲ್ಲಿ ತಪ್ಪಿರಲಿಲ್ಲ. ಜಾಸ್ತಿ ಹಚ್ಚಿದರೆ ಜಾಸ್ತಿ ಗಟ್ಟಿ ಅಂದುಕೊಂಡು ಬ್ರಷ್ ತುಂಬಾ ಬಳಿದೆನಲ್ಲ, ಅಲ್ಲಿ ಕೆಟ್ಟಿತು. ಆ ಅಂಟು ಹೆಚ್ಚುಕಡಿಮೆ ಪೂರ್ತಿ ನೀರೇ. ಫಾಂಡಂಟ್ ಅಂದ್ರೆ ಸಕ್ಕರೆ. ನೀರು ತಾಗಿದ ಸಕ್ಕರೆ ಕರಗದೆ ಇನ್ನೇನು ಮಾಡುತ್ತದೆ?

ರಾತ್ರಿ ಎಲ್ಲ ಅಂಟಿಸಿ ಫ್ರಿಜ್‌ನಲ್ಲಿಟ್ಟೆ. ಬೆಳಿಗ್ಗೆ ನೋಡಿದರೆ ಬಿಳಿ ಕ್ರೀಮ್ ಮೇಲೆ ಕುಂಕುಮದ ನೀರು ಇಳಿದ ಹಾಗೆ ಕೆಂಪು ಗೆರೆಗಳು. ನಕ್ಷತ್ರಗಳು ಬೆರಳಗಲ ಕೆಳಗೆ ಜಾರಿದ್ದವು. ಹೊರಗಿಟ್ಟ ಹತ್ತು ನಿಮಿಷಕ್ಕೆ ಆನೆಗೆ ಬೆವರು. ಒಂದು ಕಿವಿ ಸೊಂಡಿಲ ಮೇಲೆ ಬಿದ್ದಿತ್ತು.

ಮತ್ತೆ ಅಂಟು ಹಚ್ಚಿದೆ. ಹಿಡಿದುಕೊಂಡೆ. ಬಿತ್ತು. ಸಂಜೆ 5ಕ್ಕೆ ಕೇಕ್ ಬರ್ತ್‌ಡೇಗೆ ತಲುಪಿರಬೇಕು. ಟೂತ್‌ಪಿಕ್ ಅರ್ಧ ಮುರಿದು ಕಿವಿಯೊಳಗೆ ಚುಚ್ಚಿ, ತಲೆಗೆ ಸಿಕ್ಕಿಸಿದೆ. ಕಡ್ಡಿ ಕಾಣದಂತೆ ಮೇಲೆ ಫಾಂಡಂಟ್ ಸವರಿದೆ. ನಿಂತಿತು. ಯಾರಿಗೂ ಹೇಳಲಿಲ್ಲ, ನಾನೇ ಮರೆತೂಬಿಟ್ಟೆ.

ಕೇಕ್ ಕಟ್ ಮಾಡಿದ ಮೇಲೆ ಮಗು ಬೇರೇನು ಕೇಳುತ್ತದೆ, ಆನೆಯೇ ಬೇಕಂತೆ. ಅಕ್ಕನ ಅತ್ತೆ ಪ್ರೀತಿಯಿಂದ ಕಿವಿ ಕಿತ್ತು ಅವನ ಕೈಗಿಟ್ಟರು. ಎರಡನೇ ಸಲ ಕಚ್ಚುವಾಗ ಕಿರುಚಿದ. ಒಸಡಿಗೆ ಚುಚ್ಚಿ ರಕ್ತ ಬಂದಿತ್ತು. ಪುಣ್ಯಕ್ಕೆ ಅಷ್ಟೇ, ನುಂಗಿರಲಿಲ್ಲ. ಅಕ್ಕ ಒಂದು ಮಾತೂ ಬೈಯಲಿಲ್ಲ. ಆ ಕಡ್ಡಿಯನ್ನು ತಟ್ಟೆಯಲ್ಲಿಟ್ಟು ನನ್ನ ಮುಂದೆ ತಂದಿಟ್ಟಳು.

ಈಗ ಹೇಗೆ ಮಾಡುತ್ತೇನೆ ಅಂದ್ರೆ, ಗೊಂಬೆಯನ್ನು 3 ದಿನ ಮೊದಲೇ ಮಾಡಿ ಫ್ಯಾನ್ ಕೆಳಗೆ ಒಣಗಿಸುತ್ತೇನೆ, ಎಸಿ ರೂಮಾದರೆ ಇನ್ನೂ ಒಳ್ಳೆಯದು. ಫಾಂಡಂಟ್ ಮುದ್ದೆಗೇ ಸ್ವಲ್ಪ ಸಿಎಂಸಿ ಸೇರಿಸಿ ನಾದಿದರೆ ಬೇಗ ಗಟ್ಟಿಯಾಗುತ್ತದೆ. ಅಂಟು ಫಾಂಡಂಟ್‌ಗೆ ಫಾಂಡಂಟ್ ಕೂಡಿಸಲು ಮಾತ್ರ. ಬ್ರಷ್ ತುದಿಯಲ್ಲಿ ತೆಳ್ಳಗೆ ಹಚ್ಚಿ, ಒಂದು ನಿಮಿಷ ಬಿಟ್ಟು, ಜಿಗುಟಾದ ಮೇಲೆ ಒತ್ತಿ ಹಿಡಿಯಬೇಕು. ತೂಕದ ಭಾಗಕ್ಕೆ ಅದು ಸಾಲದು. ಚೂರು ಫಾಂಡಂಟ್ ಅನ್ನು ಅದೇ ಅಂಟಿನಲ್ಲಿ ಕಿವುಚಿ ಪೇಸ್ಟ್ ಮಾಡಿಕೊಳ್ಳಿ, ಇಲ್ಲವೇ ಕರಗಿಸಿದ ಬಿಳಿ ಚಾಕೊಲೇಟ್ ಹಚ್ಚಿ. ಕ್ರೀಮ್ ಕೇಕ್ ಆದರೆ ಗೊಂಬೆಯನ್ನು ತೆಳ್ಳನೆ ಚಾಕೊಲೇಟ್ ಬಿಲ್ಲೆಯ ಮೇಲೆ ಕೂರಿಸಿ, ಕೊನೇ ಗಳಿಗೆಯಲ್ಲಿ ಇಡಿ. ಕೆಂಪು, ಕಪ್ಪು ಬಣ್ಣದ್ದನ್ನು ಬಿಳಿ ಕ್ರೀಮ್‌ಗೆ ಅಂಟಿಸುವ ಆಸೆಯನ್ನೇ ಬಿಟ್ಟಿದ್ದೇನೆ.

ಒಳಗೆ ಆಧಾರ ಬೇಕೇ ಬೇಕೆಂದರೆ ಬೇಯಿಸದ ಸ್ಪಗೆಟ್ಟಿ (ಉದ್ದನೆಯ ಪಾಸ್ತಾ) ಕಡ್ಡಿ ಹಾಕಿ. ಅದನ್ನೂ ಮಗು ಬಾಯಿಗೆ ಹಾಕುವ ಮೊದಲು ತೆಗೆಯಲೇಬೇಕು. ಎಲ್ಲೆಲ್ಲಿ ಎಷ್ಟು ಕಡ್ಡಿ ಇದೆ ಅಂತ ಡಬ್ಬದ ಮುಚ್ಚಳದ ಮೇಲೆ ಸ್ಕೆಚ್ ಪೆನ್‌ನಲ್ಲಿ ಬರೆದು ಕಳಿಸುತ್ತೇನೆ, ಕೇಕ್ ತಗೊಂಡು ಹೋಗುವವರಿಗೆ ಬಾಯಲ್ಲೂ ಹೇಳುತ್ತೇನೆ.